ಮೊಮ್ಮಗಳು ಬರಲು ಒಳ್ಳೆಯ ತಿಂಗಳು

ಇಂಡಿಯಾಕ್ಕೆ ಬರಲು ಯಾವ ತಿಂಗಳು ಒಳ್ಳೆಯದು ಎಂದು ನನ್ನ ತಂಗಿಯ ಮಗಳು ವೀಡಿಯೊ ಕಾಲ್‌ನಲ್ಲಿ ಕೇಳಿದಾಗ ಅಮ್ಮ ಹೀರೇಕಾಯಿಯ ಸಿಪ್ಪೆ ತೆಗೆಯುತ್ತಿದ್ದಳು. ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು. ಇಷ್ಟು ದೊಡ್ಡ ದೇಶದ ಮಳೆ, ಬಿಸಿಲು, ಧೂಳು ಎಲ್ಲದರ ಜವಾಬ್ದಾರಿಯನ್ನು ಯಾರೋ ತನ್ನೊಬ್ಬಳ ತಲೆಗೆ ಕಟ್ಟಿದ ಹಾಗೆ ಯೋಚನೆಗೆ ಬಿದ್ದಳು.

"ಈಗ ಬೇಡ ಮಗಾ," ಎಂದಳು. ಅದು ಹುಡುಗಿಗೆ ಅರ್ಥವಾಗಲಿಕ್ಕಿಲ್ಲ ಎಂದು ತೋರಿ ಇಂಗ್ಲಿಷಿಗೆ ಇಳಿದಳು. "ನೌ ನೋ ಕಮ್. ರೇನ್. ವೆರಿ ಡರ್ಟಿ."

ನಾನು ನಗುತ್ತಾ ನಡುವೆ ಬಾಯಿ ಹಾಕಲು ಹೋದೆ. "ನನಗೂ ಅವಳಿಗೂ ನಡುವೆ ನೀನು ಎಂತಕ್ಕೆ? ನನಗೆ ಮಾತಾಡ್ಲಿಕ್ಕೆ ಬರ್ತದೆ," ಎಂದು ಫೋನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅಮ್ಮ ಇಂಗ್ಲಿಷ್ ಕಲಿತದ್ದು ಟಿವಿಯಿಂದ ಮತ್ತು ನನ್ನ, ತಂಗಿಯ ಶಾಲೆಯ ಪುಸ್ತಕಗಳಿಂದ. ಶಬ್ದಗಳು ಕಡಿಮೆ, ಧೈರ್ಯ ಬೇಕಾದಷ್ಟು. ಪರದೆಯ ಮೇಲೆ ಹುಡುಗಿ "ಓಕೆ ಅಜ್ಜಿ" ಎಂದು ನಕ್ಕಳು. ನಾವೂ ನಕ್ಕೆವು.

ನಮ್ಮದು ಮುಂಬಯಿ ಹತ್ತಿರದ ಕಲ್ಯಾಣದಲ್ಲಿ, ಹಳೆಯ ಬಿಲ್ಡಿಂಗಿನ ಮೂರನೆಯ ಮಹಡಿ. ಉಡುಪಿ ಕಡೆಯಿಂದ ಬಂದ ಅಪ್ಪ ಇಲ್ಲಿಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತೇ ಮುದುಕರಾಗಿ ತೀರಿಕೊಂಡರು. ನಾನು ಮದುವೆಯಾಗಲಿಲ್ಲ. ಠಾಣೆ ಶಹರದ ವರ್ತಕ ನಗರದಲ್ಲಿ ನನ್ನ ಆಫೀಸು. ಬೆಳಿಗ್ಗೆ ಲೋಕಲ್ ರೈಲು ಹತ್ತಿದರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತದೆ. ತಂಗಿಯ ಗಂಡ ಅಡುಗೆಯ ಕೆಲಸಕ್ಕೆಂದು ಆಸ್ಟ್ರೇಲಿಯಾಕ್ಕೆ ಹೋದವರು, ಈಗ ಇಬ್ಬರೂ ಸೇರಿ ಅಲ್ಲಿ ಒಂದು ಸಣ್ಣ ಕ್ಯಾಂಟೀನ್ ನಡೆಸುತ್ತಾರೆ. ತಂಗಿ ಎರಡು ಮೂರು ಸಲ ಬಂದು ಹೋಗಿದ್ದಾಳೆ, ಪ್ರತಿ ಸಲವೂ ಒಬ್ಬಳೇ. ಅದಕ್ಕೂ ಮೊದಲು ಗಂಡ, ಮಗಳ ಜೊತೆ ಬಂದದ್ದು ಒಂದೇ ಸಲ, ಮಗಳು, ಇನ್ನೂ ಗೋಡೆ ಹಿಡಿದು ನಡೆಯುವಾಗ.

ಆ ಒಂದು ಸಲ ಆದದ್ದನ್ನು ಅಮ್ಮ ಮರೆಯಲೇ ಇಲ್ಲ. ಮಳೆಗಾಲ. ಬಂದ ಮೂರನೆಯ ದಿನವೇ ಮಗುವಿಗೆ ವಾಂತಿ ಭೇದಿ ಶುರುವಾಯಿತು. ಆಸ್ಪತ್ರೆಗೆ ಸೇರಿಸಿ, ಆ ಪುಟ್ಟ ಕೈಗೆ ಸೂಜಿ ಚುಚ್ಚಿ, ಸಲೈನ್ ಹಾಕಿದ್ದರು. ಅಳಿಯ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು. ಮಗುವಿಗೆ ನೀರು ಕುಡಿಸಿದ್ದು ಅಮ್ಮ. ಕುದಿಸಿ ಆರಿಸಿದ ನೀರೇ, ಆದರೂ ತನ್ನ ಕೈಯಿಂದಲೇ ಹೀಗಾಯಿತು ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು. ಈ ಸಂಗತಿಯನ್ನು ಹುಡುಗಿಯೆದುರು ಎತ್ತಕೂಡದೆಂದು ನನಗೂ ತಂಗಿಗೂ ತಾಕೀತಾಗಿತ್ತು.

ಹಾಗಾಗಿ ಫೋನ್ ಇಟ್ಟ ಮೇಲೆ ಅಮ್ಮನ ನಿಜವಾದ ಮಾತು ಶುರುವಾಗುತ್ತಿತ್ತು. ಕೇಳಲು ನಾನೊಬ್ಬಳೇ. "ಮಳೆಯಲ್ಲಿ ಬಂದ್ರೆ ಎಂತ ತಿನ್ನಿಸುವುದು ಹೇಳು. ಬೋಟು ಕಡಲಿಗೆ ಇಳಿಯುವುದಿಲ್ಲ, ತಾಜಾ ಮೀನಿಲ್ಲ. ಅಷ್ಟು ದೂರದಿಂದ ಬಂದ ಹುಡುಗಿಗೆ ಐಸಿನ ಬಂಗುಡೆ ಬಡಿಸ್ಲಿಕ್ಕುಂಟಾ? ಆ ಗೋಡೆ ನೋಡು, ನೀರು ಇಳೀತಾ ಉಂಟು. ಅವಳು ಎಲ್ಲಿ ಮಲಗುವುದು?"

ಮತ್ತೊಂದು ಸಲ, ದೀಪಾವಳಿಗೆ ಬರಲೇ ಎಂದು ಹುಡುಗಿ ಕೇಳಿದಳು. ಆ ತಿಂಗಳ ಸೆಕೆ ನಮ್ಮ ಕಡೆಯವರಿಗೇ ಆಗದು. ಅಮ್ಮ ಫೋನಿನೆದುರು ಸೆರಗಿನಿಂದ ಗಾಳಿ ಹಾಕಿಕೊಂಡು ತೋರಿಸಿ, "ಹಾಟ್, ಹಾಟ್. ನೋ ಕಮ್" ಎಂದಳು. ಡಿಸೆಂಬರಿನಲ್ಲಿ ಹವೆ ತಂಪು, ಆದರೆ ಎದುರಿನ ಎರಡು ಬಿಲ್ಡಿಂಗುಗಳನ್ನು ಕೆಡವಿ ಹೊಸದು ಕಟ್ಟುತ್ತಿದ್ದರು. ಕಿಟಕಿ ತೆಗೆದರೆ ಬಟ್ಟಲಿನೊಳಗೆ ಸಿಮೆಂಟು. ನನಗೇ ಕೆಮ್ಮು ಬಿಟ್ಟಿರಲಿಲ್ಲ. "ಡಸ್ಟ್," ಎಂದಳು ಅಮ್ಮ. ಮೇ ತಿಂಗಳಲ್ಲಿ ಮಾವಿನಹಣ್ಣು ಉಂಟು, ನಳದಲ್ಲಿ ನೀರಿಲ್ಲ. ಟ್ಯಾಂಕರಿನ ನೀರೆಂದರೆ ಅಮ್ಮನಿಗೆ ಆ ಆಸ್ಪತ್ರೆಯ ನೆನಪು. ಮಧ್ಯೆ ಯಾರೋ ನವಿ ಮುಂಬಯಿಯಲ್ಲಿ ಹೊಸ ವಿಮಾನ ನಿಲ್ದಾಣ ಆಗುತ್ತಿದೆ, ಅಲ್ಲಿಂದ ಕಲ್ಯಾಣ ಹತ್ತಿರ ಎಂದು ಅವಳ ತಲೆಯಲ್ಲಿ ತುಂಬಿದರು. ಸರಿ, ಅದೂ ಒಂದು ಆಗಲಿ ಎಂದಳು. ಕೆಲಸ ಇಲ್ಲದವರು ಇಂಥ ಸಮಾಚಾರ ಹಂಚುತ್ತಾ ತಿರುಗುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನನ್ನ ಆಫೀಸಿನಲ್ಲಿ ರಜೆ ಸಿಕ್ಕಾಗಲೆಲ್ಲ ತಿರುಗಾಟಕ್ಕೆ ಹೊರಡುವ ಒಬ್ಬಾಕೆ ಇದ್ದಾಳೆ. ಅವಳನ್ನು ವಿಚಾರಿಸಿದೆ. ಇಷ್ಟು ದೊಡ್ಡ ದೇಶದಲ್ಲಿ ಕೆಟ್ಟ ಕಾಲ ಅನ್ನುವುದೇ ಇಲ್ಲ, ಚಳಿಗಾಲಕ್ಕೆ ರಾಜಸ್ಥಾನ, ಬೇಸಿಗೆಗೆ ಹಿಮಾಲಯ, ಮಳೆಗೆ ಕೇರಳ, ಯಾವ ತಿಂಗಳು ಬಂದರೂ ಎಲ್ಲೋ ಒಂದು ಕಡೆ ಚೆನ್ನಾಗಿಯೇ ಇರುತ್ತದೆ ಎಂದಳು. ದೊಡ್ಡ ಪರಿಹಾರ ಸಿಕ್ಕಿತೆಂದು ಮನೆಗೆ ಬಂದು ಅಮ್ಮನಿಗೆ ಒಪ್ಪಿಸಿದೆ.

"ಅವಳು ರಾಜಸ್ಥಾನ ನೋಡ್ಲಿಕ್ಕೆ ಬರುವುದಾ, ನನ್ನನ್ನು ನೋಡ್ಲಿಕ್ಕಾ?" ಎಂದಳು ಅಮ್ಮ.

"ನಿನ್ನನ್ನು ನೋಡ್ಲಿಕ್ಕೆ ಆದ್ರೆ ಯಾವ ತಿಂಗಳಾದ್ರೂ ಎಂತ? ನೀನು ಹನ್ನೆರಡು ತಿಂಗಳೂ ಇಲ್ಲೇ ಇರ್ತಿಯಲ್ಲ."

ಅಮ್ಮ ಪಾತ್ರೆ ತೊಳೆಯಲು ಎದ್ದಳು.

ಹಾಗೆಂದು ಅವಳು ಸುಮ್ಮನೆ ಕೂತಿರಲಿಲ್ಲ. ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿದಳು, ಅದು ಒಂದು ಮಳೆಗೂ ನಿಲ್ಲಲಿಲ್ಲ. ಸಂಡಾಸು ಒಡೆಸಿ ಕಮೋಡ್ ಕೂರಿಸಿದಳು. ಅದರ ಮೇಲೆ ಕೂರಲು ಮಾತ್ರ ತನಗೆ ಆಗುವುದಿಲ್ಲವೆಂದು ಎಷ್ಟೋ ದಿನ ಪಕ್ಕದ ಮನೆಗೆ ಹೋಗುತ್ತಿದ್ದಳು. ಹತ್ತಿರದ ಟಿಟ್ವಾಳಾದ ಗಣಪತಿ ದೇವಸ್ಥಾನಕ್ಕೆ ಹುಡುಗಿಯನ್ನು ಕರೆದೊಯ್ಯಲು ಜನ ಕಡಿಮೆಯಿರುವ ವಾರ ಯಾವುದೆಂದು ತಿಳಿಯಲು ನನ್ನನ್ನು ಎರಡು ಸಲ ಸುಮ್ಮನೆ ಅಲ್ಲಿಗೆ ಎಳೆದುಕೊಂಡು ಹೋದಳು. ಸ್ಟೇಷನ್ನಿನಿಂದ ಮನೆಗೆ ಬರುವ ರಿಕ್ಷಾ ಕಸದ ರಾಶಿಯ ಮುಂದೆ ಹಾಯದ ಹಾಗೆ ಸುತ್ತುದಾರಿಯನ್ನೂ ಗೊತ್ತು ಮಾಡಿಟ್ಟಿದ್ದಳು. ಇದೆಲ್ಲ ನೋಡುವಾಗ ನನಗೆ ನಗೆ ಬರುತ್ತಿತ್ತು, ಕೆಲವೊಮ್ಮೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ನಾನು ದಿನಾ ಅದೇ ಕಸದ ಮುಂದೆ ನಡೆದು ಬರುವವಳು.

ಈ ನಡುವೆ ಹುಡುಗಿ ಶಾಲೆ ಮುಗಿಸಿದಳು, ಕಾಲೇಜು ಸೇರಿದಳು. ಮೊದಲು ವಾರವಾರ ಬರುತ್ತಿದ್ದ ಕಾಲ್ ತಿಂಗಳಿಗೊಮ್ಮೆ ಆಯಿತು. ಮತ್ತೆ, ತಂಗಿ ಮಾಡಿದಾಗ ಹಿಂದಿನಿಂದ ಕೈಬೀಸುವಷ್ಟಕ್ಕೆ ಬಂತು. ಯಾವ ತಿಂಗಳು ಬರಲಿ ಎಂದು ಕೇಳುವುದನ್ನು ಅವಳು ಬಿಟ್ಟೇಬಿಟ್ಟಿದ್ದಳು. ಅಮ್ಮನಿಗೆ ಅದರಿಂದ ಸಮಾಧಾನವೇ ಆಗಿತ್ತು. "ಈಗ ಅವಳಿಗೆ ಬುದ್ಧಿ ಬಂತು ನೋಡು, ಮೊದಲಿನ ಅವಸರ ಇಲ್ಲ," ಎನ್ನುತ್ತಿದ್ದಳು. ಎದುರಿನ ಕಟ್ಟಡಗಳ ಕೆಲಸ ಮುಗಿಯುತ್ತಾ ಬಂದಿತ್ತು. ಬರುವ ಜನವರಿ ಎಲ್ಲಕ್ಕೂ ಅನುಕೂಲ, ಆಗ ಕರೆಸುವುದೇ ಸೈ ಎಂದು ಅಮ್ಮ ನನ್ನಲ್ಲಿ ಹೇಳಿದಳು. ಹುಡುಗಿಗೆ ಇನ್ನೂ ಹೇಳಿರಲಿಲ್ಲ. ಮಳೆಗಾಲ ಮುಗಿಯಲಿ, ಗೋಡೆಗೆ ಬಣ್ಣ ಬಳಿಸಿ ಹೇಳುತ್ತೇನೆ ಎಂದಿದ್ದಳು.

ಜೂನ್ ತಿಂಗಳ ಒಂದು ಬೆಳಿಗ್ಗೆ ಅಮ್ಮ ಚಹದ ಲೋಟ ಎತ್ತಲು ಹೋದಳು, ಎತ್ತಲು ಆಗಲಿಲ್ಲ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ಮನೆಗೆ ತರುವಾಗ ಕಾಲಿಗೆ ಸ್ವಲ್ಪ ಜೀವ ಬಂದಿತ್ತು. ಮಾತು ಬರಲಿಲ್ಲ. ಬಾಯಿಂದ ಸ್ವರ ಹೊರಡುತ್ತದೆ, ಶಬ್ದ ಆಗುವುದಿಲ್ಲ. ಕಿವಿಯೂ ಬುದ್ಧಿಯೂ ಮೊದಲಿನಂತೆಯೇ ಇದ್ದವು. ಅವೂ ಮಂಕಾಗಿದ್ದರೆ ಅವಳಿಗೆ ಇಷ್ಟು ಸಂಕಟ ಇರುತ್ತಿರಲಿಲ್ಲವೋ ಏನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಕ್ಯಾಂಟೀನ್ ಬಿಟ್ಟು ತಕ್ಷಣ ಹೊರಡಲು ತಂಗಿಗೆ ಆಗಲಿಲ್ಲ. ಹುಡುಗಿ ಯಾರನ್ನೂ ಕೇಳದೆ ಟಿಕೆಟ್ ಮಾಡಿಸಿ ಜುಲೈಯಲ್ಲಿ ಒಬ್ಬಳೇ ಬಂದಳು. ಅಮ್ಮನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಅವಳನ್ನು ಕರೆತರಲು ನಾನು ಹೋಗಿದ್ದೆ. ವಿಮಾನ ನಿಲ್ದಾಣದಿಂದ ಹಿಂದಿರುಗುವಾಗ ನಮ್ಮ ಟ್ಯಾಕ್ಸಿ ನೀರಿನಲ್ಲಿ ಎಷ್ಟೋ ಹೊತ್ತು ನಿಂತಿತ್ತು. ನಮ್ಮ ಗಲ್ಲಿಯ ತುದಿಯಲ್ಲಿ ಇಳಿದು ಮೊಣಕಾಲವರೆಗಿನ ಕೊಳಕು ನೀರಿನಲ್ಲಿ ಸಾಮಾನು ಹೊತ್ತುಕೊಂಡು ನಡೆದೆವು. ಮಹಡಿ ಹತ್ತಿ ಬಂದವಳೇ ಹುಡುಗಿ ಒದ್ದೆ ಬಟ್ಟೆಯಲ್ಲೇ ಹೋಗಿ ಅಮ್ಮನ ಹಾಸಿಗೆಯ ಅಂಚಿನಲ್ಲಿ ಕೂತಳು. ಅಮ್ಮ ಅವಳ ಮುಖ ನೋಡಿದಳು, ಹಿಂದಿನ ಗೋಡೆಯ ಮೇಲೆ ಇಳಿಯುತ್ತಿದ್ದ ನೀರನ್ನು ನೋಡಿದಳು, ನನ್ನನ್ನು ಸಿಟ್ಟಿನಿಂದ ನೋಡಿದಳು.

ಹುಡುಗಿ ಒಂದಕ್ಕೂ ಗೊಣಗಲಿಲ್ಲ. ಐಸಿನ ಮೀನಿನ ಸಾರನ್ನು ಎರಡು ಸಲ ಹಾಕಿಸಿಕೊಂಡಳು. ಕರೆಂಟು ಹೋದರೆ ಪೇಪರಿನಿಂದ ಅಮ್ಮನಿಗೆ ಗಾಳಿ ಹಾಕುತ್ತಿದ್ದಳು. ಬಂದು ನಾಲ್ಕೈದು ದಿನವಾಗಿರಬಹುದು, ನಾನು ಮಧ್ಯಾಹ್ನ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದೆ. ಹುಡುಗಿ ಕಿಟಕಿಯ ಹತ್ತಿರ ನಿಂತಿದ್ದಳು.

"ದೊಡ್ಡಮ್ಮ," ಎಂದು ಕರೆದಳು. ಮುಂದಿನದ್ದು ಇಂಗ್ಲಿಷಿನಲ್ಲಿ ಬಂತು. "ಅಜ್ಜಿಗೆ ನಾನು ಬರುವುದು ಇಷ್ಟ ಇಲ್ಲ ಅಂದುಕೊಂಡಿದ್ದೆ. ನಾನು ಕೇಳಿದಾಗಲೆಲ್ಲ ಬರಬೇಡ ಅಂತಿದ್ದರು. ಮತ್ತೆ ಮತ್ತೆ ಕೇಳಲು ನನಗೆ ನಾಚಿಕೆ ಆಯಿತು."

ಈ ಒಂದು ಅರ್ಥ ಇಷ್ಟು ವರ್ಷ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಫೋನ್ ಇಟ್ಟ ಮೇಲಿನ ಮಾತುಗಳನ್ನು ಕೇಳಿದವಳು ನಾನು, ಅವಳು ಕೇಳಿದ್ದು ಫೋನ್ ಇಡುವ ಮುಂಚಿನ ಎರಡು ಮೂರು ಶಬ್ದ ಮಾತ್ರ. ಬಟ್ಟಲು ಕೆಳಗಿಟ್ಟು ಹೇಳತೊಡಗಿದೆ. ಮೀನು, ಗೋಡೆ, ಧೂಳು, ಟ್ಯಾಂಕರು, ಕಮೋಡ್, ಟಿಟ್ವಾಳಾ ಎಲ್ಲ ಹೇಳಿದೆ. ಕೊನೆಗೆ, ಅಮ್ಮನ ತಾಕೀತು ಮೀರಿ, ಅವಳ ಪುಟ್ಟ ಕೈಗೆ ಸೂಜಿ ಹಾಕಿಸಿದ ಆ ಮಳೆಗಾಲವನ್ನೂ ಹೇಳಿದೆ. ಅವಳು ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು.

"ಇದನ್ನೆಲ್ಲ ನನಗೆ ಯಾರೂ ಹೇಳಲಿಲ್ಲ," ಎಂದಳು. "ಬಾ ಅಂದಿದ್ದರೆ ಸಾಕಿತ್ತು. ನಾನು ಯಾವ ತಿಂಗಳಾದರೂ ಬರುತ್ತಿದ್ದೆ."

ಅಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳ ಕಣ್ಣಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಎಡಗೈ ನೀಡಿ ಹುಡುಗಿಯ ಅಂಗಿಯ ತುದಿ ಹಿಡಿದು ಬಗ್ಗುವ ಹಾಗೆ ಎಳೆದಳು. ಹುಡುಗಿ ಬಗ್ಗಿ ಕಿವಿ ಕೊಟ್ಟಳು. ಅಮ್ಮ ತುಂಬ ಹೊತ್ತು, ನಡುನಡುವೆ ಉಸಿರು ತೆಗೆದುಕೊಂಡು, ಏನೋ ಹೇಳಿದಳು. ಒಂದು ಮಾತಲ್ಲ, ಹಲವು ಮಾತುಗಳೇ ಇರಬೇಕು, ಸ್ವರ ಏರುತ್ತಿತ್ತು, ಇಳಿಯುತ್ತಿತ್ತು. ಮುಗಿಸಿ ನನ್ನ ಕಡೆಗೆ ನೋಡಿದಳು, ಇನ್ನು ನೀನು ಹೇಳು ಅನ್ನುವ ಹಾಗೆ.

ಹುಡುಗಿಯೂ ನನ್ನ ಕಡೆಗೆ ತಿರುಗಿದಳು. "ಅಜ್ಜಿ ಏನು ಹೇಳಿದರು?"

ಹುಟ್ಟಿದಂದಿನಿಂದ ಅಮ್ಮನ ಮಾತು ಕೇಳಿಕೊಂಡೇ ಬೆಳೆದವಳು ನಾನು. ಆದರೂ ಒಂದಕ್ಷರ ನನಗೆ ಅರ್ಥವಾಗಿರಲಿಲ್ಲ.