ಗಿರಣಿಯಮ್ಮನ ತಗಡಿನ ಬಿಲ್ಲೆ

ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಗಿರಣಿಯಮ್ಮನ ಹುಬ್ಬುಗಳ ಮೇಲೆ ಸದಾ ರಾಗಿಹಿಟ್ಟು ಕೂತಿರುತ್ತಿತ್ತು. ಬೆವರಿಳಿದರೆ ಕೆನ್ನೆಯ ಮೇಲೆ ಕಂದು ಗೆರೆ. ಕಿವಿ ಮಂದ. ಗಿರಣಿ ನಿಂತಿದ್ದರೂ ಕಿರುಚಿಯೇ ಮಾತಾಡುತ್ತಿದ್ದರು. ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು, ಬರೆದು ರೂಢಿಯಿಲ್ಲ. ಆದರೆ ಮೊನ್ನೆ ಮೊಮ್ಮಗಳು ಹುಟ್ಟಿದಾಗಿನಿಂದ ಸಂತೋಷಕ್ಕೆ ಸುಮ್ಮನಿರಲು ಆಗುತ್ತಿಲ್ಲ. ಅದರ ಅಪ್ಪ ನನ್ನ ಹೊಟ್ಟೆಯಲ್ಲಿದ್ದಾಗ ನನಗೆ ಹಾಲು, ಸೊಪ್ಪು ಸಿಕ್ಕಿದ್ದೇ ಗಿರಣಿಯಮ್ಮನಿಂದ.

ಎಪ್ಪತ್ತರ ದಶಕ. ರಾಜಾಜಿನಗರದಲ್ಲಿ ನಮ್ಮೆಜಮಾನರ ಕಾರ್ಖಾನೆಗೆ ಬೀಗ ಬಿತ್ತು. ನಮ್ಮ ಬೀದಿಯ ಮನೆಮನೆಗೂ ಅದೇ ಗತಿ. ಯಾರ ಕೈಯಲ್ಲೂ ಕಾಸಿಲ್ಲ. ಗಿರಣಿಯಮ್ಮ ನಮ್ಮನ್ನು ಕರೆದು ಕಾಳು ಕೇರುವ, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಕೊಟ್ಟರು. ಕೂಲಿಗೆ ದುಡ್ಡು ಅವರಲ್ಲೂ ಇರಲಿಲ್ಲ. ಎಣ್ಣೆಡಬ್ಬದ ತಗಡನ್ನು ದುಂಡಗೆ ಕತ್ತರಿಸಿ, ಮಕ್ಕಳ ಕೈ ಕುಯ್ಯದಿರಲೆಂದು ಅಂಚು ತಟ್ಟಿ, ಬಿಲ್ಲೆ ಮಾಡಿ ಕೊಟ್ಟರು. ಬಿಲ್ಲೆ ತಂದವರಿಗೆ ಕಾಸು ಕೇಳದೆ ಅವರ ಒಂದು ಸೇರು ರಾಗಿ ಬೀಸಿಕೊಡುವುದು. ಸೊಪ್ಪಿನವಳಿಗೂ ಹಿಟ್ಟು ಬೇಕಲ್ಲ, ಬಿಲ್ಲೆ ತೆಗೆದುಕೊಂಡು ಸೊಪ್ಪು ಕೊಟ್ಟಳು. ಅವಳಿಂದ ಅದು ಹಾಲಿನವನಿಗೆ, ಅವನಿಂದ ಕ್ಷೌರದವನಿಗೆ. ನಮ್ಮ ಬೀದಿಯಲ್ಲಿ ತಗಡೇ ದುಡ್ಡಾಯಿತು.

ಆಮೇಲೆ ಕರೆಂಟ್ ಹೋಯಿತು. ದಿನಗಟ್ಟಲೆ ಬರಲಿಲ್ಲ. ಸೊಪ್ಪಿನವಳು ನನ್ನ ಬಿಲ್ಲೆಯನ್ನು ವಾಪಸ್ಸು ತಳ್ಳಿದಳು.

“ಗಿರಣಿ ತಿರುಗ್ದಿದ್ರೆ ಈ ತಗಡು ನೆಕ್ಕಲಾ?”

ಹಾಲಿನವನೂ ಬೇಡವೆಂದ. ಸಂಜೆಯೊಳಗೆ ಬೀದಿಗೆ ಬೀದಿಯೇ ಬಿಲ್ಲೆ, ರಾಗಿ ಹಿಡಿದು ಗಿರಣಿಯ ಬಾಗಿಲಿಗೆ ಬಂದಿತ್ತು. ಈಗಲೇ ಬೀಸಿಕೊಡಿ ಅನ್ನುವವರು, ಮೋಸ ಅನ್ನುವವರು. ಗಿರಣಿಯಮ್ಮನಿಗೆ ಅರ್ಧ ಕೇಳಿಸಿತೋ ಇಲ್ಲವೋ. ಒಳಗಿನಿಂದ ಅತ್ತೆಯ ಕಾಲದ ಬೀಸೋಕಲ್ಲು ಉರುಳಿಸಿಕೊಂಡು ಬಂದು ಬಾಗಿಲಲ್ಲೇ ಕೂತರು.

“ಹೋಗಿರೋದು ಕರೆಂಟು, ನಾನಲ್ಲ. ಹಾಕ್ರಮ್ಮ ರಾಗಿ.”

ಒಂದೆರಡು ಸೇರು ಮುಗಿಯುವಷ್ಟರಲ್ಲಿ ಅಂಗೈಯ ಬೊಬ್ಬೆ ಒಡೆದು ಗೂಟಕ್ಕೆ ರಕ್ತ ಅಂಟಿತು. ನಾನು ಎದುರು ಕೂರಲು ಹೋದರೆ, ಬಸುರಿ ಹೆಂಗಸು ನೀನು, ಜರಡಿ ಹಿಡಿ ಸಾಕು ಎಂದು ಗದರಿದರು. ಕೊನೆಗೆ ಸೊಪ್ಪಿನವಳೇ ಸೆರಗು ಸಿಕ್ಕಿಸಿ ಎದುರು ಕೂತು ಗೂಟ ಹಿಡಿದಳು. ಹಿಂದೆ ನಿಂತವರು ಒಬ್ಬೊಬ್ಬರಾಗಿ, ನಮ್ಮದು ನಾಳೆ ಆಗಲಿ ಬಿಡಿ ಎಂದು ರಾಗಿ ಹೊತ್ತು ಮನೆಗೆ ಹೋದರು. ಮರುದಿನ ಹಾಲಿನವನು ಬಿಲ್ಲೆಗೆ ತಾನಾಗಿ ಕೈ ಚಾಚಿದ.

ಕಾರ್ಖಾನೆಯ ಬಾಗಿಲು ತೆರೆದ ಮೇಲೆ ಗಿರಣಿಯಮ್ಮ ಬಹಳ ಕಾಲ ಬದುಕಲಿಲ್ಲ. ಆಗಲೂ ಎಷ್ಟೋ ಮನೆಗಳಲ್ಲಿ ಬಿಲ್ಲೆಗಳು ಉಳಿದಿದ್ದವು. ತಿಥಿ ಮುಗಿದ ಮರುದಿನ ಅವರ ಸೊಸೆ ಗಿರಣಿ ತೆರೆದು, ಅತ್ತೆ ಹೇಳಿ ಹೋಗಿದ್ದಾರೆ, ಬಿಲ್ಲೆ ಇದ್ದವರು ತನ್ನಿ ಎಂದು ಕೂಗಿದಳು. ನಾವೆಲ್ಲ ರಾಗಿ ತಂದೆವು, ಕಾಸು ಕೊಟ್ಟು ಬೀಸಿಸಿಕೊಂಡೆವು. ಬಿಲ್ಲೆಯನ್ನು ಒಬ್ಬರೂ ಹೊರಗೆ ತೆಗೆಯಲಿಲ್ಲ.