ಗಡ್ಡೆ ಬರದ ಊರು

ಮೊನ್ನೆ ಸಂಜೆ ತುಮಕೂರಿನ ನಮ್ಮ ಬೀದಿಗೆ ಸೊಳ್ಳೆಗೆ ಹೊಗೆ ಹಾಕುವ ಗಾಡಿ ಬಂದಿತ್ತು. ನನ್ನ ಹೆಂಡತಿ ಒಗ್ಗರಣೆಯನ್ನು ಅರ್ಧಕ್ಕೇ ಬಿಟ್ಟು ಓಡಾಡಿ ಕಿಟಕಿಗಳನ್ನೆಲ್ಲ ಮುಚ್ಚಿದಳು. ನಾನು ಜಗಲಿಯ ಮೇಲೆ ಕೂತೇ ಇದ್ದೆ. ಸೀಮೆಎಣ್ಣೆಯೋ ಔಷಧಿಯೋ ತಿಳಿಯದ ಆ ವಾಸನೆ ಮೂಗಿಗೆ ಬಡಿದರೆ ನನಗೆ ಏಳಲಾಗುವುದಿಲ್ಲ. ಅದೇನೋ ಹಳೆಯ ಪ್ರೀತಿ ಇರಬೇಕು ಎಂದುಕೊಳ್ಳಬೇಡಿ. ತಂಗಿಯ ಊರಿನ ಗೋಡೆಗಳಿಗೆ ಹೊಡೆಯುತ್ತಿದ್ದ ಔಷಧಿಯೂ ಹೀಗೇ ನಾರುತ್ತಿತ್ತು.

ತೊಂಬತ್ತರ ದಶಕದಲ್ಲಿ ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದೆ. ಯಾವುದನ್ನೇ ಆಗಲಿ ನಕ್ಷೆಯ ಮೇಲಿಟ್ಟು ಬಣ್ಣ ಬಳಿದರೆ ಅರ್ಥವಾಗಿಬಿಡುತ್ತದೆ ಎಂದು ನಂಬಿದ್ದವನು. ಹತ್ತಿ ಎಲ್ಲಿ ಬೆಳೆಯುತ್ತದೆ? ಕಪ್ಪು ಮಣ್ಣಿರುವಲ್ಲಿ. ಭತ್ತ? ನೀರಿರುವಲ್ಲಿ. ಮನೆಯಲ್ಲಿ ಯಾರಿಗೆ ತಲೆನೋವು ಬಂದರೂ ಈ ಮನುಷ್ಯ ಗಾಳಿಯ ದಿಕ್ಕು ನೋಡುತ್ತಿದ್ದರು ಎಂದು ಹೆಂಡತಿ ಈಗಲೂ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ.

ನನ್ನ ತಂಗಿ ರತ್ನಳನ್ನು ಕುಣಿಗಲ್ ಕಡೆಯ, ಕೆರೆ ಏರಿಯ ಹಿಂದಿನ ಒಂದು ಹಳ್ಳಿಗೆ ಕೊಟ್ಟಿದ್ದೆವು. ಆ ವರ್ಷಗಳಲ್ಲಿ ಅಲ್ಲಿ ಮಲೇರಿಯಾ ಬಾರದ ಮನೆಯೇ ಇರಲಿಲ್ಲ ಎನ್ನಬೇಕು. ಸರ್ಕಾರದವರು ಬಂದು ಗೋಡೆಗಳಿಗೆ ಔಷಧಿ ಹೊಡೆದು ಹೋಗುತ್ತಿದ್ದರು, ಹೆಂಗಸರು ವಾಸನೆ ತಾಳದೆ ಮರುದಿನವೇ ಗೋಡೆ ಸಾರಿಸಿಬಿಡುತ್ತಿದ್ದರು. ಚಳಿಜ್ವರ ಪದೇ ಪದೇ ಬಂದ ಮಕ್ಕಳಿಗೆ ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಊದಿಕೊಳ್ಳುತ್ತಿತ್ತು. ಅದಕ್ಕೆ ಜ್ವರಗಡ್ಡೆ ಎನ್ನುತ್ತಿದ್ದರು. ರತ್ನಳ ಅತ್ತೆ ಗಂಗಮ್ಮನವರು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಎರಡು ಬೆರಳಿನಲ್ಲಿ ಹೊಟ್ಟೆ ಒತ್ತಿ, ಗಡ್ಡೆ ಇದೆಯೋ ಇಲ್ಲವೋ ಹೇಳುತ್ತಿದ್ದರು. ಇದ್ದರೂ ಯಾರೂ ಹೆದರುತ್ತಿರಲಿಲ್ಲ. ಮಾತ್ರೆ ನುಂಗಿಸುವುದು, ಜ್ವರ ಬಿಟ್ಟ ಕೂಡಲೇ ಉಳಿದ ಮಾತ್ರೆಯನ್ನು ಇನ್ನೊಂದು ಸಲಕ್ಕಿರಲಿ ಎಂದು ಸೂರಿಗೆ ಸಿಕ್ಕಿಸಿಡುವುದು, ಅಷ್ಟೇ. ಜ್ವರ ನೆಂಟರ ಹಾಗೆ ಬಂದು ಹೋಗುತ್ತಿತ್ತು.

ರತ್ನಳ ಮಗಳು ಸುಮಾಗೆ ಐದು ತುಂಬಿದ್ದಾಗ ದವಡೆ ಊದಿತು. ಮೊದಲು ಹಲ್ಲುನೋವು ಎಂದುಕೊಂಡರು. ಆಮೇಲೆ ಗಂಗಮ್ಮನವರು ಮುಟ್ಟಿ ನೋಡಿ, ಜ್ವರಗಡ್ಡೆಯೇ ಈ ಸಲ ಮೇಲಕ್ಕೆ ಹತ್ತಿದೆ, ಇಳಿಯುತ್ತದೆ ಎಂದರು. ಊತ ಕಣ್ಣಿನವರೆಗೆ ಬಂದಾಗ ಎಲ್ಲರೂ ಬೆಂಗಳೂರಿನ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರು ತುಂಡು ತೆಗೆದು ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಎಂದರು. ಮಗುವಿಗೆ ಮಲೇರಿಯಾ ಬಂದಿತ್ತೇ ಎಂದು ಕೇಳಿದರು. ನಮ್ಮ ಕಡೆ ಹಾಗೆ ಕೇಳುವುದು ಊಟ ಆಯಿತೇ ಎಂದು ಕೇಳಿದ ಹಾಗೆ. ಆಫ್ರಿಕಾದಲ್ಲಿ ಮಳೆ, ಸೆಕೆ ಹೆಚ್ಚಾಗಿ ವರ್ಷವಿಡೀ ಮಲೇರಿಯಾ ಇರುವ ಕಡೆಗಳಲ್ಲೇ ಮಕ್ಕಳಿಗೆ ಈ ದವಡೆಯ ಗಡ್ಡೆ ಹೆಚ್ಚು, ಎರಡರ ನಕ್ಷೆಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತವೆ ಎಂದರು. ನಮ್ಮ ದೇಶದಲ್ಲಿ ಇದು ಅಪರೂಪ, ನಿಮ್ಮ ಮಗುವಿಗೆ ಮಲೇರಿಯಾದಿಂದಲೇ ಬಂತು ಎಂದು ಹೇಳಲಾರೆ ಎಂದೂ ಸೇರಿಸಿದರು.

ನಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಎಲ್ಲಿಲ್ಲದ ಧೈರ್ಯ ಬಂತು. ಗುಬ್ಬಿಗೆ ಬಂದವನೇ ಅಟ್ಲಾಸ್ ಹರಡಿಕೊಂಡು ಕೂತೆ. ಕುಣಿಗಲ್ಲಿನ ಎತ್ತರ, ಮಳೆ, ಕೆರೆ ಎಲ್ಲವನ್ನೂ ಅಳೆದು ಸುರಿದು, ನಾವು ಡಾಕ್ಟರು ಹೇಳಿದ ಆ ಗಡ್ಡೆಯ ವಲಯದೊಳಗೆ ಬರುವುದೇ ಇಲ್ಲ ಎಂದು ತೀರ್ಮಾನಿಸಿದೆ. ಗಡ್ಡೆಗೆ ಅದು ಗೊತ್ತಿರಲಿಲ್ಲ, ಬಿಡಿ.

ಚುಚ್ಚುಮದ್ದು ಶುರುವಾದ ಕೆಲವೇ ದಿನಗಳಲ್ಲಿ ಗಡ್ಡೆ ಬೆಣ್ಣೆಯ ಹಾಗೆ ಕರಗಿತು. ಇನ್ನೂ ಹಲವು ಸುತ್ತು ಔಷಧಿ ಆಗಬೇಕು, ನಡುವೆ ಬಿಡಬಾರದು ಎಂದು ಡಾಕ್ಟರು ಒತ್ತಿ ಹೇಳಿ ಮನೆಗೆ ಕಳಿಸಿದ್ದರು. ಮತ್ತೆ ಆಸ್ಪತ್ರೆಗೆ ಹೊರಡುವ ದಿನ ಗಂಗಮ್ಮನವರು ಮೊಮ್ಮಗಳ ದವಡೆಯನ್ನು ಒತ್ತಿ ನೋಡಿ, "ಗಡ್ಡೆ ಎಲ್ಲೈತೆ? ಹೋಗಿರೋದಕ್ಕೆ ಯಾಕೆ ಮಗೀಗ್ ಚುಚ್ಚುಸ್ತೀರ, ಬುಡಿ" ಎಂದರಂತೆ. ಕೂದಲೆಲ್ಲ ಉದುರಿ, ಸೂಜಿ ಎಂದರೆ ನಡುಗುತ್ತಿದ್ದ ಮಗುವನ್ನು ನೋಡಲಾರದೆ ರತ್ನಳ ಗಂಡನೂ ಹೂಂ ಎಂದ. ಜ್ವರ ಬಿಟ್ಟ ಮೇಲೆ ಮಾತ್ರೆ ನಿಲ್ಲಿಸುವುದು ಆ ಮನೆಯ ರೂಢಿ. ಇದನ್ನೂ ಹಾಗೇ ನಿಲ್ಲಿಸಿದರು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವರು ಮಗುವಿನ ಮೇಲೆ ಪ್ರಾಣ ಇಟ್ಟುಕೊಂಡಿದ್ದವರು.

ಗಡ್ಡೆ ತಿರುಗಿ ಬಂತು, ಈ ಸಲ ಹೊಟ್ಟೆಯಲ್ಲೂ. ಆಸ್ಪತ್ರೆಯ ಬೆಂಚಿನ ಮೇಲೆ ರತ್ನ ಸುಮಾಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸುಮ್ಮನಿರಲಾರದೆ ನಾನು ಪಕ್ಕದಲ್ಲಿ ಕೂತು ಆಫ್ರಿಕಾ, ಮಳೆ, ಸೊಳ್ಳೆ ಎಂದು ಏನೇನೋ ವಿವರಿಸುತ್ತಿದ್ದೆ. ಅವಳು ನಡುವೆಯೇ ತಡೆದಳು.

"ಅಣ್ಣಯ್ಯ, ನೀನು ಭೂಗೋಳ ಹೇಳ್ಕೊಡೋನು. ಈ ಗಡ್ಡೆ ಬರ್ದೇ ಇರೋ ಊರು ಯಾವ್ದು ಹೇಳು. ಮಗೀನ ಎತ್ಕಂಡು ಅಲ್ಲಿಗೋಗ್ತೀನಿ."

ಹೆಚ್ಚಿರುವ ಕಡೆಗಳನ್ನು ಬೇಕಾದರೆ ತೋರಿಸಬಲ್ಲೆ, ಬರುವುದೇ ಇಲ್ಲ ಎನ್ನುವ ಊರನ್ನು ಎಲ್ಲಿಂದ ತರಲಿ. ಇಷ್ಟು ಮಕ್ಕಳಿಗೆ ಜ್ವರ ಬಂದ ಊರಿನಲ್ಲಿ ಇವಳಿಗೊಬ್ಬಳಿಗೇ ಯಾಕೆ ಎಂಬುದೂ ನನಗೆ ಗೊತ್ತಿರಲಿಲ್ಲ, ಇಂದಿಗೂ ಗೊತ್ತಿಲ್ಲ. ಸುಮಾ ಆ ಮಳೆಗಾಲ ದಾಟಲಿಲ್ಲ. ಅವರ ತೋಟದಲ್ಲೇ, ತೆಂಗಿನ ಸಸಿಗಳ ಪಕ್ಕ ಮಣ್ಣು ಮಾಡಿದೆವು.

ಮುಂದೆ ನನಗೆ ತುಮಕೂರಿಗೆ ವರ್ಗವಾಯಿತು. ರತ್ನಳಿಗೆ ಆಮೇಲೆ ಒಂದು ಗಂಡುಮಗುವಾಗಿತ್ತು. ಆ ಕೆರೆಯ ಬುಡ ಬಿಟ್ಟು ಬನ್ನಿ, ಇಲ್ಲಿ ಮನೆ ನೋಡಿದ್ದೇನೆ ಎಂದು ಹೋದಾಗೆಲ್ಲ ಹೇಳಿದೆ. ಅವಳ ಗಂಡ ಒಪ್ಪಿದ್ದ. ಇವಳು ಮಾತ್ರ ಒಮ್ಮೆ ಹಸು ಈಯಬೇಕು ಎನ್ನುವಳು, ಒಮ್ಮೆ ರಾಗಿ ಕೊಯ್ಲು ಮುಗಿಯಲಿ ಎನ್ನುವಳು. ಅತ್ತೆ ತೀರಿಕೊಂಡ ಮೇಲೂ ನೆಪಗಳು ಮುಗಿಯಲಿಲ್ಲ. ಹೇಳಿ ಹೇಳಿ ನನಗೂ ಸುಸ್ತಾಗಿತ್ತು, ಕೇಳಿ ಕೇಳಿ ಅವಳಿಗೂ.

ಮೊನ್ನೆ ಬೀದಿಯ ಹೊಗೆ ತಿಳಿಯಾದ ಮೇಲೆ ಅವಳಿಗೆ ಫೋನ್ ಮಾಡಿದೆ. ಅಲ್ಲಿ ಸೊಳ್ಳೆ ಹೇಗಿವೆ ಎಂದು ಶುರುವಾದ ಮಾತು, ಇನ್ನಾದರೂ ಇಲ್ಲಿಗೆ ಬಂದುಬಿಡಬಾರದೇ ಎಂಬಲ್ಲಿಗೇ ಹೋಗಿ ನಿಂತಿತು.

"ನಾವೆಲ್ಲ ಬರ್ಬೋದು ಅಣ್ಣಯ್ಯ," ಎಂದಳು. "ಸುಮಾನ ಯಾರು ಕರ್ಕಂಡ್ ಬರ್ತಾರೆ?"

ಸರಿ ಕಣಮ್ಮ, ಅಲ್ಲೇ ಇರು ಎಂದೆ. ಇಷ್ಟು ವರ್ಷಗಳಲ್ಲಿ ನಾನು ಅವಳಿಗೆ ಹಾಗೆ ಹೇಳಿದ್ದು ಅದೇ ಮೊದಲು.