ಖಾಲಿ ಬಿಟ್ಟ ಸಾಲು

ಹಿಂದೂಪುರದಲ್ಲಿ ಮದುವೆ ಕಾರ್ಡು, ತಿಥಿ ಕಾರ್ಡು ಟೈಪ್ ಮಾಡಿಕೊಡುವವನೊಬ್ಬನಿದ್ದ. ಹೆಸರು ಹಿಂದುಮುಂದಾದರೆ ನೆಂಟರು ಮುನಿಸಿಕೊಳ್ಳುತ್ತಾರೆಂದು ಒಂದೊಂದು ಮನೆತನವನ್ನೂ ಔಟ್‌ಲೈನ್ ಸಾಫ್ಟ್‌ವೇರಿನಲ್ಲಿ ಕೂರಿಸಿದ್ದ: ಅಪ್ಪನ ಕೆಳಗೆ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು. ಹೊಸ ಜೋಡಿಯನ್ನು ಸೇರಿಸಿದಾಗಲೆಲ್ಲ ಕೆಳಗೆ ಇನ್ನೊಂದು ಸಾಲು ತೆರೆದು ಖಾಲಿ ಬಿಡುತ್ತಿದ್ದ. ಅಕ್ಕನ ಮದುವೆ ಕಾರ್ಡಿಗೆ ಹೋದಾಗ ‘ಅದ್ಯಾಕಣ್ಣ?’ ಎಂದೆ.

‘ಇರ್ಲಿ ಕಣಪ್ಪ, ಮುಂದಕ್ಕೆ ಬೇಕಾಯ್ತದೆ’ ಎಂದು ಪರದೆ ನೋಡಿಕೊಂಡೇ ಹೇಳಿದ. ಎಲ್ಲರಿಗೂ ಅದನ್ನೇ ಹೇಳುತ್ತಿದ್ದ.

ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ತಿಥಿ ಕಾರ್ಡಿಗೂ ಅವನಲ್ಲಿಗೇ ಹೋದೆ. ಅಕ್ಕನ ಹೆಸರಿಗೆ ‘ದಿವಂಗತ’ ಸೇರಿಸಿದ. ಮಗುವಿಗೆಂದು ಬಿಟ್ಟಿದ್ದ ಸಾಲನ್ನು ಅಳಿಸಿದ. ಆಮೇಲೆ ಭಾವನ ಹೆಸರಿನ ಪಕ್ಕ, ಹೆಂಡತಿಯ ಜಾಗದಲ್ಲಿ, ಹೊಸ ಸಾಲೊಂದನ್ನು ತೆರೆದು ಖಾಲಿ ಬಿಟ್ಟ.

ಮೊದಲ ಸಲ ನನ್ನ ಕಡೆ ತಿರುಗಿದ.

‘ಇರ್ಲಿ ಕಣಪ್ಪ’ ಎಂದ. ಉಳಿದದ್ದನ್ನು ಹೇಳಲಿಲ್ಲ.